ಕರುಳು ಸೋತಾಗ: ಕ್ರೋನ್ಸ್ ರೋಗಿಗಳ ಮುಂದೆ ಇರುವ ದಾರಿಗಳು

ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆಗೆ ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಿಕೊಂಡು ಮನೆಗೆ ಬಂದ ಕೆಲವರ ಪಾಡು ಹೀಗಿರುತ್ತದೆ. ಚೀಲದಲ್ಲಿ ದಿನಕ್ಕೆ ಮೂರು ಲೀಟರ್ ನೀರುನೀರಾದ ಮಲ. ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತದೆ. ಮನೆಯವರು ಗಾಬರಿಯಾಗಿ ಚೊಂಬುಗಟ್ಟಲೆ ನೀರು ಕುಡಿಸುತ್ತಾರೆ, ಹೊತ್ತುಹೊತ್ತಿಗೆ ಎಳನೀರು ಕೆತ್ತಿಸಿ ತರುತ್ತಾರೆ. ಕುಡಿದಷ್ಟೂ ಚೀಲ ಬೇಗ ತುಂಬುತ್ತದೆ, ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಎರಡು ಮೂರು ದಿನದಲ್ಲಿ ಮೀನಖಂಡ ಹಿಡಿದುಕೊಂಡು, ಮೂತ್ರ ಕಟ್ಟಿದಂತಾಗಿ ಮತ್ತೆ ಆಸ್ಪತ್ರೆ. ಈ ಸಲದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಸದೊಂದು ಮಾತು ಸೇರಿರುತ್ತದೆ: ಇಂಟೆಸ್ಟೈನಲ್ ಫೇಲ್ಯೂರ್.

ಕಿಡ್ನಿ ಫೇಲ್ ಎಂದರೆ ಡಯಾಲಿಸಿಸ್ ಎಂದು ಊರಿನವರಿಗೆಲ್ಲ ಗೊತ್ತು. ಕರುಳು ಫೇಲ್ ಎಂದರೆ ಏನು, ಅದಕ್ಕೇನು ಮಾಡುತ್ತಾರೆ ಎಂದು ಕೇಳಿದರೆ ಹೇಳುವವರು ಕಡಿಮೆ. ಚಿಕಿತ್ಸೆಗಳು ಇವೆ, ಒಂದಲ್ಲ ಹಲವು. ಆದರೆ ಅವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿ ತಪ್ಪಿದರೆ ಒಳ್ಳೆಯ ಔಷಧವೂ ವ್ಯರ್ಥ.

ಕರುಳಿನ ದಿನದ ಲೆಕ್ಕ

ನಾವು ದಿನಕ್ಕೆ ಬಾಯಲ್ಲಿ ತೆಗೆದುಕೊಳ್ಳುವ ನೀರು, ಆಹಾರದ ದ್ರವ ಎಲ್ಲ ಸೇರಿ ಸುಮಾರು ಎರಡು ಲೀಟರ್. ಇದಕ್ಕೆ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳೇ ಸುರಿಸುವ ರಸ ಸೇರಿ ಸಣ್ಣ ಕರುಳಿನೊಳಗೆ ಹರಿಯುವುದು ಎಂಟರಿಂದ ಒಂಬತ್ತು ಲೀಟರ್. ಮಲದಲ್ಲಿ ಹೊರಹೋಗುವುದು ಬರೀ 100ರಿಂದ 200 ಮಿ.ಲೀ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಅಂದರೆ ಕರುಳಿನ ದೊಡ್ಡ ಕೆಲಸ ಅನ್ನ ಜೀರ್ಣಿಸುವುದಷ್ಟೇ ಅಲ್ಲ, ದೇಹ ತಾನೇ ಸುರಿಸಿದ ನೀರು ಮತ್ತು ಉಪ್ಪನ್ನು ಮರಳಿ ಪಡೆಯುವುದು. ಈ ವಸೂಲಿ ನಿಂತರೆ ಹಸಿವಿಗಿಂತ ಮೊದಲು ಕೊಲ್ಲುವುದು ನಿರ್ಜಲೀಕರಣ.

ಊಟ-ನೀರಿನಿಂದ ದೇಹಕ್ಕೆ ಬೇಕಾದ ಕನಿಷ್ಠ ಪೋಷಕಾಂಶವನ್ನೋ, ನೀರು-ಲವಣವನ್ನೋ ಹೀರಿಕೊಳ್ಳಲಾಗದೆ ರಕ್ತನಾಳದ ಮೂಲಕವೇ ಕೊಡಬೇಕಾಗಿ ಬಂದರೆ ಅದು ಕರುಳಿನ ವೈಫಲ್ಯ. ಹೀರಿಕೆ ಕುಗ್ಗಿದೆ, ಆದರೂ ಬಾಯಿಯ ಮೂಲಕವೇ ಹೇಗೋ ಸರಿದೂಗಿಸಬಹುದು ಎಂದಾದರೆ ಅದು ಕರುಳಿನ ಕೊರತೆ, ವೈಫಲ್ಯವಲ್ಲ. ಮುಂದೆ ಹೇಳುವ ಬಹುಪಾಲು ಚಿಕಿತ್ಸೆಯ ಗುರಿ ರೋಗಿಯನ್ನು ಮೊದಲ ಗುಂಪಿನಿಂದ ಎರಡನೆಯದಕ್ಕೆ ತರುವುದು.

ಕ್ರೋನ್ಸ್‌ನಲ್ಲೇ ಏಕೆ?

ಉರಿಯೂತದ ಕರುಳಿನ ಕಾಯಿಲೆ, ಅಂದರೆ ಐಬಿಡಿ, ಎಂಬ ಹೆಸರಿನಡಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಅದನ್ನು ಪೂರ್ತಿ ತೆಗೆದರೂ ಸಣ್ಣ ಕರುಳು ಉಳಿದಿರುತ್ತದೆ, ಹಾಗಾಗಿ ವೈಫಲ್ಯ ಅಪರೂಪ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ವಿವರಿಸಿದ ಕ್ರೋನ್ಸ್ ಕಾಯಿಲೆ ಹಾಗಲ್ಲ. ಅದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಗೋಡೆ ದಪ್ಪಗಾಗಿ ದಾರಿ ಕಟ್ಟುತ್ತದೆ, ಇಲ್ಲವೇ ತೂತಾಗಿ ಪಕ್ಕದ ಕರುಳಿಗೋ ಚರ್ಮಕ್ಕೋ ಕಳ್ಳದಾರಿ ಕೊರೆಯುತ್ತದೆ. ಈ ಕಳ್ಳದಾರಿಯೇ ಫಿಸ್ಟುಲಾ.

ಕಟ್ಟಿದ್ದನ್ನು ಕತ್ತರಿಸುತ್ತಾರೆ. ಕೆಲವು ವರ್ಷದಲ್ಲಿ ಜೋಡಿಸಿದ ಜಾಗದಲ್ಲೇ ಕಾಯಿಲೆ ಮರಳುತ್ತದೆ. ಮತ್ತೆ ಕತ್ತರಿ. ಮೂರ್ನಾಲ್ಕು ಸಲ ಹೀಗಾದ ಮೇಲೆ ಕರುಳು ಗಿಡ್ಡವಾಗಿರುತ್ತದೆ. ಕರುಳು ಸಾಕಷ್ಟು ಉದ್ದವಿದ್ದೂ ಸೋಲಬಹುದು: ಉದ್ದಕ್ಕೂ ಹುಣ್ಣಾಗಿದ್ದರೆ, ಎಲ್ಲೋ ಕಟ್ಟಿಕೊಂಡಿದ್ದರೆ, ಅಥವಾ ಆಹಾರ ಅರ್ಧ ದಾರಿಯಲ್ಲೇ ಫಿಸ್ಟುಲಾದಿಂದ ಹೊರಬೀಳುತ್ತಿದ್ದರೆ. ಇವು ಬಹುಪಾಲು ಸರಿಪಡಿಸಬಹುದಾದ ಕಾರಣಗಳು. "ಕರುಳು ಹೋಯಿತು" ಎಂದು ಕೈಚೆಲ್ಲುವ ಮೊದಲು ಸೋಲಿನಲ್ಲಿ ಎಷ್ಟು ಪಾಲು ಉದ್ದದ್ದು, ಎಷ್ಟು ಉರಿಯೂತದ್ದು, ಎಷ್ಟು ಕೀವಿನದ್ದು ಎಂದು ಬಿಡಿಸಿ ನೋಡಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಗೋಜಲಿದೆ. ಕರುಳಿನ ಕ್ಷಯ ಕೂಡ ಸಣ್ಣ ಕರುಳಿನ ತುದಿ, ದೊಡ್ಡ ಕರುಳಿನ ಆರಂಭ ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಸ್ಕ್ಯಾನ್‌ನಲ್ಲೂ ಎಂಡೋಸ್ಕೋಪಿಯಲ್ಲೂ ಎರಡೂ ಅವಳಿ-ಜವಳಿಯಂತೆ ಕಾಣಬಹುದು. ಕ್ಷಯಕ್ಕೆ ಕ್ರೋನ್ಸ್ ಎಂದುಕೊಂಡು ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಹಬ್ಬುತ್ತದೆ. ಕ್ರೋನ್ಸ್‌ಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್‌ಗಳು ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲವು, ಅದಕ್ಕೇ ಅವನ್ನು ಶುರುಮಾಡುವ ಮೊದಲು ಎದೆಯ ಎಕ್ಸ್-ರೇ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯ.

ತೆಗೆದದ್ದು ಎಷ್ಟು ಎಂದಲ್ಲ, ಉಳಿದದ್ದು ಎಷ್ಟು

ವಯಸ್ಕರ ಸಣ್ಣ ಕರುಳಿನ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ಥರ: ಮೂರು ಮೀಟರ್‌ನಿಂದ ಎಂಟು ಮೀಟರ್‌ವರೆಗೂ. ಆದ್ದರಿಂದ "ಒಂದೂವರೆ ಮೀಟರ್ ತೆಗೆದೆವು" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಉಳಿದದ್ದು 200 ಸೆಂ.ಮೀ.ಗಿಂತ ಕಡಿಮೆಯಾದರೆ ಅದನ್ನು ಗಿಡ್ಡ ಕರುಳು ಎನ್ನುತ್ತಾರೆ. ಆಪರೇಷನ್ ಟಿಪ್ಪಣಿಯಲ್ಲಿ ಉಳಿದ ಉದ್ದ ಸೆಂ.ಮೀ. ಲೆಕ್ಕದಲ್ಲಿ ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದಿನ ಹತ್ತು ವರ್ಷದ ಚಿಕಿತ್ಸೆ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಉದ್ದದ ಜೊತೆಗೆ ಯಾವ ಭಾಗ ಉಳಿದಿದೆ ಎಂಬುದೂ ಮುಖ್ಯ. ಸಣ್ಣ ಕರುಳಿನ ಮೇಲ್ಭಾಗ ಜೆಜುನಮ್, ಕೆಳಭಾಗ ಇಲಿಯಮ್. ಜೆಜುನಮ್‌ನದ್ದು ಸಡಿಲ ನೇಯ್ಗೆ, ನೀರು-ಉಪ್ಪು ಎರಡೂ ಕಡೆಗೆ ಸಲೀಸಾಗಿ ಸೋರುತ್ತವೆ. ಇಲಿಯಮ್‌ನದ್ದು ಬಿಗಿ ನೇಯ್ಗೆ, ಬಿ12 ಜೀವಸತ್ವವನ್ನೂ ಪಿತ್ತಲವಣವನ್ನೂ ಹೀರುವುದು ಅದರ ತುದಿಭಾಗ ಮಾತ್ರ. ಕ್ರೋನ್ಸ್ ಹೆಚ್ಚಾಗಿ ತಿನ್ನುವುದು ಅದೇ ತುದಿಯನ್ನು. ಅಲ್ಲಿ 60 ಸೆಂ.ಮೀ.ಗಿಂತ ಹೆಚ್ಚು ತೆಗೆದಿದ್ದರೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕೇ ಬೇಕು.

ದೊಡ್ಡ ಕರುಳು ಉಳಿದು, ಜೋಡಣೆಯಾಗಿದ್ದರೆ ಆಟವೇ ಬೇರೆ. ಅದು ನೀರು-ಉಪ್ಪನ್ನು ಹೀರುವುದಲ್ಲದೆ, ಜೀರ್ಣವಾಗದೆ ಬಂದ ಪಿಷ್ಟವನ್ನು ಬ್ಯಾಕ್ಟೀರಿಯಾಗಳಿಂದ ಹುಳಿಸಿ ದಿನಕ್ಕೆ 1000 ಕ್ಯಾಲರಿವರೆಗೂ ದೇಹಕ್ಕೆ ಕೊಡಬಲ್ಲದು. ಸ್ಥೂಲ ಲೆಕ್ಕ ಹೀಗಿದೆ: ಜೆಜುನಮ್ ನೇರ ಚೀಲಕ್ಕೆ ತೆರೆದಿದ್ದರೆ 100 ಸೆಂ.ಮೀ.ಗಿಂತ ಕಡಿಮೆ ಇರುವವರಿಗೆ ರಕ್ತನಾಳದ ಆಸರೆ ಬೇಕಾಗುತ್ತದೆ; ದೊಡ್ಡ ಕರುಳಿಗೆ ಜೋಡಿಸಿದ್ದರೆ 60 ಸೆಂ.ಮೀ. ಆಸುಪಾಸಿನಲ್ಲೂ ಕೆಲವರು ಪಾರಾಗುತ್ತಾರೆ. ಇಲಿಯಮ್‌ನ ತುದಿ, ಅಲ್ಲಿ ದೊಡ್ಡ ಕರುಳಿಗೆ ತೆರೆಯುವ ಕವಾಟ, ದೊಡ್ಡ ಕರುಳು ಮೂರೂ ಉಳಿದಿದ್ದರೆ 35 ಸೆಂ.ಮೀ.ನಲ್ಲೂ ಆಸೆಯಿದೆ. ಉಳಿದ ಕರುಳು ನಿಧಾನಕ್ಕೆ ಅಗಲವಾಗಿ, ಒಳಗಿನ ಮಡಿಕೆಗಳು ಬೆಳೆದು ಕೆಲಸ ಕಲಿಯುತ್ತದೆ. ಈ ಹೊಂದಾಣಿಕೆ ಎರಡು ವರ್ಷದವರೆಗೂ ನಡೆಯುತ್ತದೆ, ಬಾಯಿಂದ ಊಟ ಹೋಗುತ್ತಿದ್ದರೆ ಮಾತ್ರ.

ಎಳನೀರು ಏಕೆ ಸೋಲುತ್ತದೆ?

ಜೆಜುನಮ್‌ನಲ್ಲಿ ನೀರು ತಾನಾಗಿ ಒಳಹೋಗುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಕೈಕೈ ಹಿಡಿದು ಬಂದರೆ ಗೋಡೆಯ ಬಾಗಿಲು ತೆರೆಯುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಒಳಗಿರುವ ದ್ರವದಲ್ಲಿ, ಲವಣ ಅಳೆಯುವ ಮಿಲಿಮೋಲ್ ಎಂಬ ಮಾನದಲ್ಲಿ, ಲೀಟರಿಗೆ 90 ಮಿಲಿಮೋಲ್‌ನಷ್ಟು ಸೋಡಿಯಂ ಇಲ್ಲದಿದ್ದರೆ ಉಲ್ಟಾ ನಡೆಯುತ್ತದೆ: ರಕ್ತದಲ್ಲಿರುವ ಸೋಡಿಯಂ ಕರುಳಿನೊಳಕ್ಕೆ ಸೋರಿ, ನೀರನ್ನೂ ಎಳೆದುಕೊಂಡು ಚೀಲ ಸೇರುತ್ತದೆ. ಸಪ್ಪೆ ನೀರು, ಟೀ, ಕಾಫಿ ಮಾಡುವುದು ಇದನ್ನೇ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಮಾತ್ರ ತೀರಾ ಕಡಿಮೆ. ಹಣ್ಣಿನ ರಸ, ಕೋಲಾಗಳದ್ದು ಇನ್ನೊಂದು ತಕರಾರು, ಅತಿ ಸಕ್ಕರೆಯೂ ನೀರನ್ನು ಒಳಗೆಳೆಯುತ್ತದೆ.

ಚೀಲಕ್ಕೆ ದಿನಕ್ಕೆ ಮೂರು ಲೀಟರ್ ಹೋಗುತ್ತಿದ್ದರೆ ಅದರಲ್ಲಿ ಸುಮಾರು 16 ಗ್ರಾಂ ಉಪ್ಪಿನಷ್ಟು ಸೋಡಿಯಂ ಇರುತ್ತದೆ. ಆರೋಗ್ಯವಂತರು ದಿನಕ್ಕೆ 5 ಗ್ರಾಂ ದಾಟಬಾರದು ಎಂಬ ನಿಯಮ ಇವರಿಗೆ ಅನ್ವಯಿಸುವುದಿಲ್ಲ. ಉಪ್ಪು ಕಡಿಮೆ ಮಾಡಿ ಎಂಬ ಒಳ್ಳೆಯ ಬುದ್ಧಿಮಾತೇ ಇಲ್ಲಿ ಅಪಾಯ.

ಹಾಗಾದರೆ ಏನು ಕುಡಿಯಬೇಕು? ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನ ದ್ರಾವಣ ಇದಕ್ಕೆಂದೇ ರೂಪುಗೊಂಡದ್ದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಉಪ್ಪಿನಿಂದ 60, ಸೋಡಾದಿಂದ 30, ಒಟ್ಟು 90 ಮಿಲಿಮೋಲ್ ಸೋಡಿಯಂ. ಚಮಚದ ಅಂದಾಜು ಬೇಡ, ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಬೇಕಿಂಗ್ ಪೌಡರ್ ಮತ್ತು ಅಡುಗೆ ಸೋಡಾ ಬೇರೆಬೇರೆ, ಬದಲಾಯಿಸಬೇಡಿ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಗಂಟಲಲ್ಲಿ ಇಳಿಯುತ್ತದೆ. ಹಾಗೇ ಕುಡಿದರೆ ಕಣ್ಣೀರಿನ ರುಚಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ದಿನಕ್ಕೊಂದು ಲೀಟರ್, ಗುಟುಕು ಗುಟುಕಾಗಿ. ಇದರ ಹೊರತಾದ ನೀರು, ಟೀ, ಮಜ್ಜಿಗೆ ಎಲ್ಲ ಸೇರಿ ಅರ್ಧದಿಂದ ಒಂದು ಲೀಟರ್ ಒಳಗೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ. ಅದಕ್ಕೆ 1 ಗ್ರಾಂ ಉಪ್ಪು ಸೇರಿಸಿದರೆ 92 ಆಗುತ್ತದೆ, ವೈದ್ಯರನ್ನು ಕೇಳಿ ಹೀಗೆ ಮಾಡಿಕೊಳ್ಳಬಹುದು. ರಟ್ಟಿನ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಪೇಯಗಳು ಬೇರೆ ಜಾತಿ. ಸೂತ್ರಕ್ಕೆ ಹೊಂದದ ಇಂಥ ಪೇಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದದೆ ಕೊಳ್ಳಬೇಡಿ.

ಮನೆಯಲ್ಲೊಂದು ನೋಟ್‌ಬುಕ್ ಇಟ್ಟು ದಿನವೂ ನಾಲ್ಕು ಅಂಕಿ ಬರೆಯಬೇಕು: ಚೀಲದಿಂದ ಹೋದದ್ದು, ಮೂತ್ರ, ಬೆಳಗಿನ ತೂಕ, ಕುಡಿದದ್ದು. ಮೂತ್ರ 800 ಮಿ.ಲೀ.ಗಿಂತ ಕೆಳಗಿಳಿದರೆ, ಎರಡು ದಿನದಲ್ಲಿ ಎರಡು ಕಿಲೋ ತೂಕ ಇಳಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಡಿಯಂ ಎಂಬ ಸರಳ ಪರೀಕ್ಷೆಯಿದೆ. ಅದು ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆ ಬಂದರೆ ದೇಹ ಉಪ್ಪಿಗಾಗಿ ಬಡಿದಾಡುತ್ತಿದೆ ಎಂದರ್ಥ, ಕಿಡ್ನಿಯ ಸ್ಥಿತಿ ಹೇಳುವ ರಕ್ತದ ಕ್ರಿಯಾಟಿನಿನ್ ಇನ್ನೂ ಸರಿಯಾಗಿದ್ದರೂ. ಮೀನಖಂಡ ಹಿಡಿಯುವುದು, ಬೆರಳು ಜುಮ್ಮೆನ್ನುವುದು ಮೆಗ್ನೀಸಿಯಂ ಇಳಿದಿರುವ ಸೂಚನೆ. ಮೊದಲು ನೀರು-ಉಪ್ಪಿನ ಕೊರತೆ ತುಂಬದೆ ಮೆಗ್ನೀಸಿಯಂ, ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಕಿಡ್ನಿ ಹೊರಹಾಕುತ್ತಲೇ ಇರುತ್ತದೆ.

ಹರಿವಿಗೆ ತಡೆ ಹಾಕುವ ಔಷಧ, ತಟ್ಟೆಯ ಊಟ

ಲೋಪೆರಮೈಡ್ ಕರುಳಿನ ಓಟ ನಿಧಾನಿಸುತ್ತದೆ. ಸಾಮಾನ್ಯ ಭೇದಿಗೆ ನುಂಗುವಂತೆ ಊಟವಾದ ಮೇಲೆ ನುಂಗಿದರೆ ಇಲ್ಲಿ ಪ್ರಯೋಜನ ಕಡಿಮೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, 4 ಮಿ.ಗ್ರಾಂ.ನಂತೆ ದಿನಕ್ಕೆ ನಾಲ್ಕು ಸಲ ಎಂಬುದು ಆರಂಭದ ಪ್ರಮಾಣ. ಗಿಡ್ಡ ಕರುಳಿನವರಿಗೆ ತಜ್ಞರು ಇದಕ್ಕಿಂತ ಬಹಳ ಹೆಚ್ಚು ಕೊಡುವುದುಂಟು, ಆಗ ಇಸಿಜಿ ತೆಗೆಯುತ್ತಿರಬೇಕು, ಅತಿಯಾದರೆ ಹೃದಯದ ಲಯ ಕೆಡುತ್ತದೆ. ಕರುಳು ಎಲ್ಲೋ ಕಟ್ಟಿದ್ದರೆ ಇದು ಕೂಡದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಜಠರ ಆಮ್ಲವನ್ನು ಅತಿಯಾಗಿ ಸುರಿಸುವುದರಿಂದ ಒಮೆಪ್ರಝೋಲ್ ಥರದ ಔಷಧವೂ ಬೇಕು. ನುಂಗಿದ ಗುಳಿಗೆ ಇಡಿಯಾಗಿ ಚೀಲದಲ್ಲಿ ಕಂಡರೆ ವೈದ್ಯರಿಗೆ ಹೇಳಿ. ನಿಧಾನವಾಗಿ ಕರಗುವ ಗುಳಿಗೆಗಳು ಗಿಡ್ಡ ಕರುಳಿನಲ್ಲಿ ಕರಗುವ ಮೊದಲೇ ಹೊರಬೀಳುತ್ತವೆ.

ಊಟದ ವಿಚಾರದಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಚೀಲ ಇರುವವರು ತುಪ್ಪ-ಎಣ್ಣೆಗೆ ಹೆದರಬೇಕಿಲ್ಲ, ಊಟಕ್ಕೆ ಉಪ್ಪು ಧಾರಾಳ ಹಾಕಿಕೊಳ್ಳಬೇಕು. ಉಪ್ಪು ಹಾಕಿದ ಅಕ್ಕಿ ಗಂಜಿ ಅವರಿಗೆ ಆಹಾರವೂ ಹೌದು, ಔಷಧವೂ ಹೌದು. ದೊಡ್ಡ ಕರುಳು ಜೋಡಣೆಯಾಗಿರುವವರಿಗೆ ಅನ್ನ, ಇಡ್ಲಿ, ಆಲೂಗಡ್ಡೆಯಂಥ ಪಿಷ್ಟ ಹೆಚ್ಚು, ಕೊಬ್ಬು ಮಿತ. ಹೀರಿಕೆಯಾಗದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡರೆ, ಸೊಪ್ಪು, ಗೆಡ್ಡೆಗಳಲ್ಲಿರುವ ಆಕ್ಸಲೇಟ್ ಎಂಬ ಲವಣ ಒಂಟಿಯಾಗಿ ರಕ್ತ ಸೇರಿ ಕಿಡ್ನಿ ಕಲ್ಲಾಗುತ್ತದೆ. ಹಾಗಾಗಿ ಇವರಿಗೆ ಪಾಲಕ್, ಹರಿವೆ, ಕೆಸುವಿನ ಎಲೆ, ಬೀಟ್‌ರೂಟ್, ಕಡಲೆಕಾಯಿ ಕಡಿಮೆ. ಇದೇ ಗುಂಪಿನವರು ಸಿಹಿ ಹೆಚ್ಚು ತಿಂದ ಮೇಲೆ ಕುಡಿದವರಂತೆ ತೊದಲುತ್ತಾ ತೂರಾಡುತ್ತಿದ್ದರೆ ಅದು ಡಿ-ಲ್ಯಾಕ್ಟಿಕ್ ಆಮ್ಲದ ಕಾಟ, ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುಳಿಸಿ ಮಾಡಿದ್ದು. ಸಾಮಾನ್ಯ ಲ್ಯಾಕ್ಟೇಟ್ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಕರುಳು ಕಿರಿದಾಗಿರುವವರು ನುಗ್ಗೆಕಾಯಿಯ ನಾರು, ಜೋಳದ ಕಾಳು, ಹಣ್ಣಿನ ಸಿಪ್ಪೆ ಬಿಡಬೇಕು.

ಮೊದಲು ಕೀವು, ಆಮೇಲೆ ಉಳಿದದ್ದು

ವೈದ್ಯರು ಕರುಳಿನ ವೈಫಲ್ಯವನ್ನು ಮೂರು ಬಗೆಯಾಗಿ ನೋಡುತ್ತಾರೆ. ಆಪರೇಷನ್ ಆದ ಮೇಲೆ ಕೆಲವು ದಿನ ಕರುಳು ಸ್ತಬ್ಧವಾಗಿ ತಾನೇ ಸರಿಹೋಗುವುದು ಮೊದಲನೆಯದು. ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುವುದು ಎರಡನೆಯದು. ಕಾಯಿಲೆ ಸ್ಥಿಮಿತಕ್ಕೆ ಬಂದರೂ ರಕ್ತನಾಳದ ಆಸರೆ ವರ್ಷಗಟ್ಟಲೆ ಬೇಕಾಗುವುದು ಮೂರನೆಯದು.

ಎರಡನೆಯದು ಅತಿ ಅಪಾಯಕಾರಿ. ಹೊಲಿಗೆ ಬಿಟ್ಟು, ಹೊಟ್ಟೆಯೊಳಗೆ ಕೀವು ತುಂಬಿ, ಗಾಯದ ಬಾಯಲ್ಲೇ ಫಿಸ್ಟುಲಾ ತೆರೆದಿರುತ್ತದೆ. ಇಲ್ಲಿ ಸರದಿ ಹೀಗೆ. ಮೊದಲು ಕೀವು: ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿ-ಕೊಳವೆ ಹಾಕಿ ಬಸಿಯುವುದು, ಆಂಟಿಬಯಾಟಿಕ್. ಒಳಗೆ ಕೀವಿರುವಾಗ ಎಷ್ಟು ಪೋಷಣೆ ಕೊಟ್ಟರೂ ದೇಹ ಮಾಂಸಖಂಡವನ್ನೇ ಕರಗಿಸುತ್ತಿರುತ್ತದೆ. ಜೊತೆಯಲ್ಲೇ ಫಿಸ್ಟುಲಾದ ಸುತ್ತ ಚರ್ಮ ಸುಡದಂತೆ ಸರಿಯಾದ ಚೀಲ. ನಂತರ ಪೋಷಣೆ. ಆಮೇಲೆ ನಕ್ಷೆ, ಅಂದರೆ ಬಣ್ಣದ ದ್ರವ ಬಿಟ್ಟು ಎಕ್ಸ್-ರೇ, ಎಂಆರ್‌ಐ ತೆಗೆದು ಎಲ್ಲಿ ಎಷ್ಟು ಕರುಳಿದೆ, ತೂತು ಎಲ್ಲಿಗೆ ಹೋಗಿದೆ ಎಂದು ತಿಳಿಯುವುದು. ಕೊನೆಗೆ ಆಪರೇಷನ್.

ಆ ಕೊನೆಗೆ ಎಂಬುದು ತಿಂಗಳುಗಳ ಮಾತು. ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯುತ್ತಾರೆ. "ತೂತು ಕಾಣುತ್ತಿದೆಯಲ್ಲ, ಹೊಲಿದುಬಿಡಬಾರದೇ" ಎಂದು ಮನೆಯವರು ಕೇಳುವುದು ಸಹಜ. ಬಿಸಿ ಶ್ಯಾವಿಗೆ ತಟ್ಟೆಯಲ್ಲಿ ಆರಿ ಮುದ್ದೆಗಟ್ಟಿದಾಗ ಒಂದು ಎಳೆ ಬಿಡಿಸಲು ಹೋದರೆ ಹತ್ತು ಎಳೆ ಹರಿಯುತ್ತದಲ್ಲ, ಆಪರೇಷನ್ ಆದ ಕೆಲವೇ ವಾರದ ಹೊಟ್ಟೆಯೊಳಗೆ ಕರುಳಿನ ಸುರುಳಿಗಳು ಹಾಗೆ ಅಂಟಿಕೊಂಡಿರುತ್ತವೆ. ಆಗ ಕೈಹಾಕಿದರೆ ಹೊಸ ತೂತುಗಳು, ಇನ್ನಷ್ಟು ಕರುಳಿನ ನಷ್ಟ. ತಿಂಗಳುಗಳು ಕಳೆದಂತೆ ಅಂಟು ಸಡಿಲವಾಗುತ್ತದೆ. ಹೊಟ್ಟೆ ಮೆತ್ತಗಾಗಿ, ಫಿಸ್ಟುಲಾದ ಬಾಯಿ ಸ್ವಲ್ಪ ಹೊರಕ್ಕೆ ಉಬ್ಬಿ ಬಂದರೆ ಒಳಗೆ ಬಿಡುವಾಗಿದೆ ಎಂದು ಸರ್ಜನ್ ತಿಳಿಯುತ್ತಾರೆ.

ವಾರಗಟ್ಟಲೆ ಉಪವಾಸದಂತಿದ್ದ ದೇಹಕ್ಕೆ ಪೋಷಣೆಯನ್ನು ಒಮ್ಮೆಲೇ ಸುರಿಯುವಂತಿಲ್ಲ. ಸಕ್ಕರೆ ಬಂದೊಡನೆ ಇನ್ಸುಲಿನ್ ಏರಿ, ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಬರಿದಾಗುತ್ತವೆ. ಹೃದಯ ನಿಲ್ಲುವಷ್ಟರ ಮಟ್ಟಿಗೆ. ಅದಕ್ಕೇ ಮೊದಲು ಥಯಾಮಿನ್ (ಬಿ1 ಜೀವಸತ್ವ), ನಂತರ ತೂಕದ ಕಿಲೋಗೆ ದಿನಕ್ಕೆ 10 ಕ್ಯಾಲರಿಯಂತೆ ಶುರು, ದಿನವೂ ರಕ್ತಪರೀಕ್ಷೆ ನೋಡಿಕೊಂಡು ಏರಿಕೆ.

ರಕ್ತನಾಳದ ಊಟ

ಡ್ರಿಪ್ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅರ್ಧ ಲೀಟರಿನ 5 ಶೇಕಡಾ ಗ್ಲೂಕೋಸ್ ಬಾಟ್ಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು 85 ಕ್ಯಾಲರಿ. ಎರಡು ಇಡ್ಲಿಯಷ್ಟೂ ಇಲ್ಲ. ಪೂರ್ತಿ ಊಟವನ್ನು ಇಷ್ಟು ತೆಳುವಾಗಿ ಕೊಡಲು ಹೋದರೆ ನೀರೇ ಉಸಿರುಗಟ್ಟಿಸುತ್ತದೆ. ಗಟ್ಟಿಯಾಗಿ ಕೊಟ್ಟರೆ ಕೈಯ ಸಣ್ಣ ನಾಳ ಸುಟ್ಟಂತಾಗಿ ಮುಚ್ಚಿಹೋಗುತ್ತದೆ. ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ 1960ರ ದಶಕದಲ್ಲಿ ಬಿಡಿಸಿದ ಗಂಟು ಇದೇ. ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಕೊಳವೆಯ ತುದಿ ಇಟ್ಟರೆ ಹರಿವು ರಭಸವಾಗಿರುವುದರಿಂದ ಗಟ್ಟಿ ದ್ರಾವಣ ಕ್ಷಣದಲ್ಲಿ ತೆಳುವಾಗುತ್ತದೆ. ಆತ ಮೊದಲು ನಾಯಿಮರಿಗಳನ್ನು ಹೀಗೆ ಸಾಕಿ ಬೆಳೆಸಿ ತೋರಿಸಿದ. ಅದೇ ದಶಕದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ರಕ್ತನಾಳಕ್ಕೆ ಕೊಡಬಹುದಾದ ಸೋಯಾ ಎಣ್ಣೆಯ ಹಾಲನ್ನು ಬಳಕೆಗೆ ತಂದ. ಹೀಗೆ ಪೂರ್ತಿ ಊಟವನ್ನು ರಕ್ತನಾಳದ ಮೂಲಕವೇ ಕೊಡುವುದನ್ನು ಆಸ್ಪತ್ರೆಯಲ್ಲಿ ಟಿಪಿಎನ್ (ಟೋಟಲ್ ಪೇರೆಂಟರಲ್ ನ್ಯೂಟ್ರಿಷನ್) ಎನ್ನುತ್ತಾರೆ.

50 ಕಿಲೋ ತೂಕದವರ ಒಂದು ಟಿಪಿಎನ್ ಚೀಲದ ಲೆಕ್ಕ ನೋಡಿ. ಅಮೈನೋ ಆಮ್ಲ 60 ಗ್ರಾಂ, ಅಲ್ಲಿಂದ 240 ಕ್ಯಾಲರಿ. ಗ್ಲೂಕೋಸ್ 220 ಗ್ರಾಂ, ಸುಮಾರು 750. ಕೊಬ್ಬು 50 ಗ್ರಾಂ, ಸುಮಾರು 500. ಒಟ್ಟು 1500ರ ಹತ್ತಿರ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್, ಜೀವಸತ್ವ, ಸತು, ತಾಮ್ರ, ಸೆಲೆನಿಯಂ. ಸಿದ್ಧ ಚೀಲಗಳಲ್ಲಿ ಮೊದಲ ಮೂರು ಬೇರೆಬೇರೆ ಕೋಣೆಗಳಲ್ಲಿರುತ್ತವೆ, ಹಿಂಡಿದರೆ ಬೆರೆಯುತ್ತವೆ. ಜೀವಸತ್ವ ಮತ್ತು ಸೂಕ್ಷ್ಮ ಖನಿಜ ಅದರಲ್ಲಿ ಇರುವುದಿಲ್ಲ, ಬೇರೆಯಾಗಿ ಸೇರಿಸಬೇಕು. ಇದನ್ನು ಮರೆಯುವುದು ಸಾಮಾನ್ಯ ತಪ್ಪು.

ತಿಂಗಳುಗಟ್ಟಲೆ ಬೇಕಾದವರಿಗೆ ಎದೆಯ ಚರ್ಮದಡಿ ಸುರಂಗದಂತೆ ಹಾಯಿಸಿದ ಹಿಕ್‌ಮನ್ ಥರದ ಕೊಳವೆ ಹಾಕಿ, ಮನೆಯಲ್ಲೇ ರಾತ್ರಿ 10ರಿಂದ 14 ಗಂಟೆ ಪಂಪಿನಿಂದ ಹರಿಸುತ್ತಾರೆ. ಹಗಲು ಕೊಳವೆ ಕಳಚಿ ಓಡಾಡಬಹುದು, ಕೆಲಸಕ್ಕೂ ಹೋಗಬಹುದು. ಸಂಜೆಯ ಕ್ರಮ ಹೀಗಿರುತ್ತದೆ. ಫ್ರಿಜ್ಜಿನ ಚೀಲವನ್ನು ಒಂದೆರಡು ಗಂಟೆ ಮೊದಲೇ ಹೊರಗಿಡಬೇಕು. ಹೆಸರು, ದಿನಾಂಕ ನೋಡಬೇಕು. ಮೇಲೆ ಹಳದಿ ಎಣ್ಣೆ ಪದರ ಒಡೆದು ನಿಂತಿದ್ದರೆ ಆ ಚೀಲ ಕೂಡದು. ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ, ಮೇಜು ಒರೆಸಿ, ಸೋಪಿನಲ್ಲಿ ಕೈ ತೊಳೆದು ಒಣಗಿಸಬೇಕು. ಕೊಳವೆಯ ತುದಿಯನ್ನು ಕ್ಲೋರ್‌ಹೆಕ್ಸಿಡಿನ್-ಸ್ಪಿರಿಟ್‌ನಿಂದ ಕನಿಷ್ಠ 15 ಸೆಕೆಂಡು ಉಜ್ಜಿ, ತಾನೇ ಆರಲು ಬಿಡಬೇಕು. ಊದಬಾರದು. 10 ಮಿ.ಲೀ. ಸಿರಿಂಜಿನಲ್ಲಿ ಸಲೈನ್ ಹಾಯಿಸಬೇಕು. ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ಕೊಳವೆ ಸೀಳಬಹುದು. ಬೆಳಿಗ್ಗೆ ಕೊನೆಯ ಅರ್ಧ ಗಂಟೆ ವೇಗ ಇಳಿಸಿ ಮುಗಿಸಬೇಕು, ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ರಕ್ತದ ಸಕ್ಕರೆ ಕುಸಿಯುತ್ತದೆ. ಆಮೇಲೆ ಮತ್ತೆ ಸಲೈನ್. ಪದೇ ಪದೇ ಸೋಂಕಾಗುವವರಿಗೆ ಕೊಳವೆಯೊಳಗೆ ಟಾರೊಲಿಡಿನ್ ಎಂಬ ಸೂಕ್ಷ್ಮಾಣುನಾಶಕ ದ್ರಾವಣ ತುಂಬಿ ಮುಚ್ಚಿಡುವುದು ಒಳ್ಳೆಯದು. ಈ ಕೊಳವೆಯಿಂದ ರಕ್ತ ತೆಗೆಯಲು, ಬೇರೆ ಇಂಜೆಕ್ಷನ್ ಕೊಡಲು ಯಾರಿಗೂ ಬಿಡಬೇಡಿ, ಆಸ್ಪತ್ರೆಯಲ್ಲಿ ದಾಖಲಾದಾಗಲೂ. ಕರೆಂಟು ಹೋಗುವ ಊರಿನಲ್ಲಿ ಪಂಪಿನ ಬ್ಯಾಟರಿ, ಫ್ರಿಜ್ಜಿನ ವ್ಯವಸ್ಥೆ ಎರಡನ್ನೂ ಮೊದಲೇ ಯೋಚಿಸಬೇಕು.

ಪಂಪು ಶುರುಮಾಡಿದ ಒಂದು ಗಂಟೆಯೊಳಗೆ ನಡುಕ-ಜ್ವರ ಬಂದರೆ ಅದನ್ನು ಕೊಳವೆಯ ಸೋಂಕು ಎಂದೇ ಭಾವಿಸಬೇಕು. ಮಲೇರಿಯಾ, ವೈರಲ್ ಜ್ವರ ಎಂದುಕೊಂಡು ಗುಳಿಗೆ ನುಂಗಿ ಮಲಗುವಂತಿಲ್ಲ. ಹರಿವು ನಿಲ್ಲಿಸಿ, ಕ್ಲಿಪ್ ಹಾಕಿ ಆಸ್ಪತ್ರೆ ಸೇರಬೇಕು. ಆಂಟಿಬಯಾಟಿಕ್ ಕೊಡುವ ಮೊದಲು ಕೊಳವೆಯಿಂದಲೂ ತೋಳಿನಿಂದಲೂ ರಕ್ತ ಕಲ್ಚರ್‌ಗೆ ಹೋಗಬೇಕು. ಪರೀಕ್ಷೆಗಾಗಿ ಆ ಕೊಳವೆಯಿಂದ ರಕ್ತ ತೆಗೆಯುವ ಸಂದರ್ಭ ಇದೊಂದೇ. ಕುತ್ತಿಗೆ, ತೋಳು ಊದಿದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ನೋಡಬೇಕು. ವರ್ಷಗಟ್ಟಲೆ ನಡೆದರೆ ಯಕೃತ್ತಿಗೂ ಮೂಳೆಗೂ ಪೆಟ್ಟು ಬೀಳುತ್ತದೆ. ಸೋಯಾ ಎಣ್ಣೆಯ ಕೊಬ್ಬನ್ನು ಕಿಲೋಗೆ ದಿನಕ್ಕೆ 1 ಗ್ರಾಂ ಮೀರದಂತೆ ಇಟ್ಟು, ಬಾಯಿಂದ ಸ್ವಲ್ಪವಾದರೂ ಊಟ ನಡೆಯುತ್ತಿದ್ದರೆ ಯಕೃತ್ತು ಬಾಳುತ್ತದೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಮನೆಯಲ್ಲಿ ಟಿಪಿಎನ್ ಪಡೆಯುವವರಲ್ಲಿ ಐದು ವರ್ಷ ಬದುಕುವವರ ಪ್ರಮಾಣ ಸುಮಾರು 75 ಶೇಕಡಾ. ಸಾಯುವವರಲ್ಲೂ ಹೆಚ್ಚಿನವರ ಸಾವಿಗೆ ಕಾರಣ ಮೂಲ ಕಾಯಿಲೆ, ಟಿಪಿಎನ್ ಅಲ್ಲ. ಭಾರತದಲ್ಲಿ ಇದನ್ನು ಮನೆಯಲ್ಲಿ ನಡೆಸಲು ತಡೆ ವಿಜ್ಞಾನದ್ದಲ್ಲ. ಖರ್ಚು, ಚೀಲದ ಸರಬರಾಜು, ತರಬೇತಾದ ನರ್ಸ್ ಇವುಗಳದ್ದು.

ಸರ್ಜನ್ ಏನು ಮಾಡಬಲ್ಲರು?

ಚೀಲಕ್ಕೆ ತೆರೆದಿರುವ ಸಣ್ಣ ಕರುಳನ್ನು, ನಿರುಪಯೋಗಿಯಾಗಿ ಮಲಗಿರುವ ದೊಡ್ಡ ಕರುಳಿಗೆ ಮತ್ತೆ ಜೋಡಿಸುವುದೇ ಅತಿ ಲಾಭದ ಆಪರೇಷನ್. ಎಷ್ಟೋ ಜನರ ಟಿಪಿಎನ್ ಇದೊಂದರಿಂದ ಕಡಿಮೆಯಾಗುತ್ತದೆ, ಕೆಲವರದು ನಿಲ್ಲುತ್ತದೆ. ದೊಡ್ಡ ಕರುಳಲ್ಲಿ, ಗುದದಲ್ಲಿ ಕ್ರೋನ್ಸ್ ಉರಿಯುತ್ತಿರಬಾರದು, ಅಷ್ಟೆ.

ಕಿರಿದಾದ ಕಡೆ ಕತ್ತರಿಸಿ ಎಸೆಯದೆ ಅಗಲಿಸುವುದು ಇನ್ನೊಂದು ಉಪಾಯ. ಕರುಳನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದರೆ ಒಂದು ಸೆಂ.ಮೀ. ಕೂಡ ಕಳೆಯದೆ ದಾರಿ ಅಗಲವಾಗುತ್ತದೆ. ಇದೇ ಸ್ಟ್ರಿಕ್ಚರೋಪ್ಲಾಸ್ಟಿ. ಕರುಳಿನ ಕ್ಷಯದಿಂದಾದ ಕಿರಿದುಗಳಿಗೆ ಇದನ್ನು ಮಾಡಿ 1977ರಲ್ಲಿ ವರದಿ ಮಾಡಿದವರು ಭಾರತದ ಸರ್ಜನ್ ಕಟಾರಿಯಾ ಮತ್ತು ಸಂಗಡಿಗರು. ಬ್ರಿಟನ್ನಿನಲ್ಲಿ ಅದನ್ನು ಕ್ರೋನ್ಸ್‌ಗೆ ಬಳಸಿದ ವರದಿ ಬಂದದ್ದು 1982ರಲ್ಲಿ. ಕತ್ತರಿಸಲೇಬೇಕಾದಾಗಲೂ ಜಿಪುಣತನ ಒಳ್ಳೆಯದು: ಹುಣ್ಣಿನಿಂದ 2 ಸೆಂ.ಮೀ. ಬಿಟ್ಟು ಕತ್ತರಿಸಿದರೂ 12 ಸೆಂ.ಮೀ. ಬಿಟ್ಟು ಕತ್ತರಿಸಿದರೂ ಕಾಯಿಲೆ ಮರಳುವುದರಲ್ಲಿ ವ್ಯತ್ಯಾಸವಿಲ್ಲ ಎಂದು ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ 1996ರ ಅಧ್ಯಯನ ತೋರಿಸಿದೆ. ಹಿಗ್ಗಿದ ಕರುಳನ್ನು ಅಂಕುಡೊಂಕಾಗಿ ಸ್ಟೇಪಲ್ ಮಾಡಿ ಉದ್ದ ಹೆಚ್ಚಿಸುವ ಆಪರೇಷನ್‌ಗಳೂ ಇವೆ. ಅವು ಮಕ್ಕಳಲ್ಲಿ ಹೆಚ್ಚು, ಕ್ರೋನ್ಸ್‌ನಲ್ಲಿ ವಿರಳ.

ಯಾವ ಆಪರೇಷನ್ ಆದರೂ ಉರಿಯೂತದ ಔಷಧ ಮುಂದುವರಿಸದಿದ್ದರೆ, ಬೀಡಿ-ಸಿಗರೇಟು ಬಿಡದಿದ್ದರೆ ಹೊಸ ಜೋಡಣೆಯಲ್ಲಿ ಕಾಯಿಲೆ ಮತ್ತೆ ಬರುವ ಸಾಧ್ಯತೆ ಏರುತ್ತದೆ.

ಕರುಳನ್ನು ಬೆಳೆಸುವ ಇಂಜೆಕ್ಷನ್

ಊಟ ಕರುಳಿನ ತುದಿ ತಲುಪಿದಾಗ ಅಲ್ಲಿಂದ ಜಿಎಲ್‌ಪಿ-2 ಎಂಬ ಹಾರ್ಮೋನ್ ಹೊರಡುತ್ತದೆ. ಕರುಳಿನ ಒಳಪದರ ಬೆಳೆಯಲು ಅದೇ ಸೂಚನೆ. ಆ ತುದಿಯೇ ಕತ್ತರಿಸಿಹೋಗಿದ್ದರೆ ಸೂಚನೆ ಕೊಡುವವರಿಲ್ಲ. ಟೆಡುಗ್ಲೂಟೈಡ್ ಈ ಹಾರ್ಮೋನಿನ ನಕಲು, ಬೇಗ ಕರಗದಂತೆ ಸ್ವಲ್ಪ ತಿದ್ದಿದ್ದು. 2012ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ತೂಕದ ಕಿಲೋಗೆ 0.05 ಮಿ.ಗ್ರಾಂ., ದಿನಕ್ಕೊಮ್ಮೆ ಚರ್ಮದಡಿ. ಮುಖ್ಯ ಪ್ರಯೋಗದಲ್ಲಿ 24 ವಾರಗಳ ಹೊತ್ತಿಗೆ ರಕ್ತನಾಳದ ದ್ರವವನ್ನು ಐದನೇ ಒಂದು ಭಾಗವಾದರೂ ಇಳಿಸಲು ಆದವರು 63 ಶೇಕಡಾ, ಔಷಧವಿಲ್ಲದ ಸೂಜಿ ಪಡೆದವರಲ್ಲಿ 30 ಶೇಕಡಾ. ಐದನೇ ಒಂದು ಭಾಗ ಎಂದರೆ ವಾರದಲ್ಲಿ ಒಂದೋ ಎರಡೋ ರಾತ್ರಿ ಪಂಪಿಲ್ಲದ ನಿದ್ದೆ. ಸಂಖ್ಯೆಯಾಗಿ ಸಣ್ಣದು, ಪಂಪಿನ ಜೊತೆ ಮಲಗುವವರಿಗೆ ಅಲ್ಲ.

ಬೆಳೆಸುವ ಔಷಧ ಬೇಡದ್ದನ್ನೂ ಬೆಳೆಸಬಹುದು. ಹಾಗಾಗಿ ಶುರುಮಾಡುವ ಮೊದಲು ಕೊಲೊನೊಸ್ಕೋಪಿ ಮಾಡಿ ಪಾಲಿಪ್ (ಒಳಪದರದ ಗಂಟು) ಇದ್ದರೆ ತೆಗೆಯಬೇಕು, ಕ್ಯಾನ್ಸರ್ ಇದ್ದವರಿಗೆ ಕೊಡುವಂತಿಲ್ಲ. ಹೀರಿಕೆ ಏರಿದಂತೆ ಡ್ರಿಪ್ ಇಳಿಸದಿದ್ದರೆ ಕಾಲು ಊದಿ, ಹೃದಯಕ್ಕೆ ಹೊರೆಯಾಗುತ್ತದೆ. ಕ್ರೋನ್ಸ್ ಶಾಂತವಾಗಿರುವಾಗಲೇ ಕೊಡುವುದು ವಾಡಿಕೆ. ಬೆಲೆ ಮಾತ್ರ ವರ್ಷಕ್ಕೆ ಲಕ್ಷಾಂತರ ಡಾಲರ್.

ಕೊನೆಯ ಬಾಗಿಲು: ಕರುಳಿನ ಕಸಿ

ಟಿಪಿಎನ್‌ನಲ್ಲಿ ನೆಮ್ಮದಿಯಾಗಿರುವವರಿಗೆ ಕಸಿ ಮಾಡುವುದಿಲ್ಲ. ಯಕೃತ್ತು ಸೋಲುತ್ತಿದ್ದರೆ, ಕೊಳವೆ ಹಾಕಲು ದೊಡ್ಡ ರಕ್ತನಾಳಗಳೇ ಉಳಿದಿಲ್ಲವಾದರೆ, ಜೀವಕ್ಕೆ ಕುತ್ತು ತರುವ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ. ಕಿಡ್ನಿ ಕಸಿಗಿಂತ ಇದು ಕಷ್ಟ. ಕರುಳು ರೋಗನಿರೋಧಕ ಕೋಶಗಳ ದೊಡ್ಡ ಗೂಡು, ಜೊತೆಗೆ ಒಳಗೆಲ್ಲ ಬ್ಯಾಕ್ಟೀರಿಯಾ. ದೇಹ ಅದನ್ನು ತಿರಸ್ಕರಿಸುವ ಸಂಭವ ಹೆಚ್ಚು, ತಿರಸ್ಕರಿಸಿದರೆ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ. 1990ರ ಆಸುಪಾಸಿನಲ್ಲಿ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಔಷಧ ಬಂದ ಮೇಲೆಯೇ ಇದು ಕೈಗೂಡಿದ್ದು. ದಾನಿಯ ದೇಹದಿಂದ ತೆಗೆದ ಕರುಳು ಮಂಜುಗಡ್ಡೆಯಲ್ಲಿ ಬಾಳುವುದು ಕೆಲವೇ ಗಂಟೆ, ಹಾಗಾಗಿ ದಾನಿ ಮತ್ತು ರೋಗಿ ಹತ್ತಿರದಲ್ಲೇ ಇರಬೇಕು. ಭಾರತದ ಕೆಲವು ಕೇಂದ್ರಗಳಲ್ಲಿ ಈ ಕಸಿ ನಡೆಯುತ್ತಿದೆ. ಕರ್ನಾಟಕದಲ್ಲಿ ಮೃತದಾನಿಗಳ ಅಂಗ ಹಂಚಿಕೆ ರಾಜ್ಯ ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ಮೂಲಕ.

ಕಸಿ ಮಾಡುವಾಗ ಹೊಸ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಕಿಟಕಿಯಂತೆ ತೆರೆದಿಡುತ್ತಾರೆ. ತಿರಸ್ಕಾರವನ್ನು ಬರೀ ರಕ್ತಪರೀಕ್ಷೆ ನೋಡಿ ನೆಚ್ಚುವಂತೆ ಹೇಳಲಾಗದು, ಕಣ್ಣಿಂದ ನೋಡಿ ಚೂರು ತೆಗೆಯಬೇಕು. ಮೊದಲ ವಾರಗಳಲ್ಲಿ ವಾರಕ್ಕೆರಡು ಸಲ ಆ ಕಿಟಕಿಯಿಂದ ಎಂಡೋಸ್ಕೋಪ್ ಇಳಿಸಿ ಬಯಾಪ್ಸಿ ಮಾಡುತ್ತಾರೆ. ಕಸಿಯಾದ ಕರುಳಿನಲ್ಲೂ ಕ್ರೋನ್ಸ್ ಮರಳಿದ ಉದಾಹರಣೆಗಳಿವೆ, ಆದ್ದರಿಂದ ಆ ಚೂರಿನಲ್ಲಿ ಪೆಥಾಲಜಿಸ್ಟ್ ತಿರಸ್ಕಾರವನ್ನಷ್ಟೇ ಅಲ್ಲ, ಹಳೆಯ ಕಾಯಿಲೆಯ ಗುರುತನ್ನೂ ಹುಡುಕುತ್ತಾರೆ.